ಕ್ರಂಬಲ್ ಹೇಗಿತ್ತು, ಬರಿ

ಜೂನ್ 9

ಮರಿ,

ನಿನ್ನನ್ನು ಅಲ್ಲಿ ಬಿಟ್ಟು ಬಂದಾಗಿನಿಂದ ಕಾಗದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ವಾರ್ಡಿನಲ್ಲಿ ಫೋನು ಕೊಡುವುದಿಲ್ಲ, ಬೇಕಾದರೆ ಕಾಗದ ಬರೆಯಿರಿ ಎಂದು ದೊಡ್ಡ ಸಿಸ್ಟರ್ ಹೇಳಿದಾಗ ಅದೇನು ಮಹಾ ಎಂದುಕೊಂಡಿದ್ದೆ. ಲಿಫ್ಟ್ ರಿಪೇರಿಯವನು ಜೀವಮಾನದಲ್ಲಿ ಬರೆದಿರುವುದೆಲ್ಲ 'ಬ್ರೇಕ್ ಬದಲಾಯಿಸಿದೆ, ಗ್ರೀಸ್ ಹಚ್ಚಿದೆ' ಅಷ್ಟೇ. ಮಗಳಿಗೆ ಏನು ಬರೆಯಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ.

ಮನೆಯಲ್ಲಿ ಸದ್ದಿಲ್ಲ. ಕೆಳಗಿನ ಮನೆಯಿಂದ ನಿನ್ನ ಸೋದರತ್ತೆಯ ಹೊಲಿಗೆ ಮಿಷನ್ನಿನ ಸದ್ದು ಬರುತ್ತದೆ, ಅದೊಂದೇ. ಅದು ನಿಂತರೂ ನನಗೆ ಎದೆ ಧಸಕ್ಕೆನ್ನುತ್ತದೆ. ಇನ್ನು ಫೋನು ಹೊಡೆದುಕೊಂಡರೆ ಕೇಳಲೇಬೇಡ. ಮೊನ್ನೆ ಯಾವುದೋ ಕಟ್ಟಡದವರು ಲಿಫ್ಟ್ ನಿಂತಿದೆ ಎಂದು ಮಾಡಿದ್ದರಂತೆ. ಎತ್ತಲು ಕೈ ಬರಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುವವರೆಗೂ ಗೋಡೆ ಹಿಡಿದು ನಿಂತಿದ್ದೆ.

ನೀನು ಕನ್ನಡಕದ ಅಂಗಡಿಯಲ್ಲಿ ಲೆನ್ಸಿನ ಟ್ರೇ ಹಿಡಿದುಕೊಂಡೇ ಬಿದ್ದೆ ಎಂದು ಅಂಗಡಿಯ ಮಾಲೀಕರು ಹೇಳಿದರಲ್ಲ, ಆ ದಿನ ಡಾಕ್ಟರು ನಿನ್ನ ಎದೆ ನೋಡಿ ಇನ್ನೊಬ್ಬ ಡಾಕ್ಟರನ್ನು ಕರೆದರು. ಇಬ್ಬರೂ ಮುಖ ಮುಖ ನೋಡಿಕೊಂಡರು. "ಹೃದಯ ತುಂಬಾ ನಿಧಾನ ಹೊಡ್ಕೊಳ್ತಿದೆ" ಅಂದರು. ನಿಧಾನ ಅಂದರೆ ಒಳ್ಳೆಯದೇ ಅಲ್ಲವಾ ಅಂತ ಕೇಳಿದೆ ನೋಡು, ಅಷ್ಟು ಬುದ್ಧಿವಂತ ನಿನ್ನಪ್ಪ. ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಭಾನುವಾರ ಅಡುಗೆಮನೆಗೆ ಹೋದೆ. ಓವನ್ ತಣ್ಣಗೆ ಕೂತಿತ್ತು. ಭಾನುವಾರ ಅಂದರೆ ನೀನು, ನೀನಂದರೆ ಆ ಸೇಬಿನ ಕ್ರಂಬಲ್. ಅದನ್ನು ಮಾಡುವುದು ಹೇಗೆ ಅಂತ ಬರೆದು ಕಳಿಸುತ್ತೀಯಾ? ನೀನು ಬರುವ ಹೊತ್ತಿಗೆ ಕಲಿತು ಇಟ್ಟುಕೊಂಡಿರುತ್ತೇನೆ.

ಉಳಿದದ್ದು ಇನ್ನೊಮ್ಮೆ.

ನಿನ್ನ ಅಪ್ಪ


ಜೂನ್ 16

ಅಪ್ಪಾ,

ನೀನು ಕ್ರಂಬಲ್ ಮಾಡುತ್ತೀಯಾ? ಅಡುಗೆಮನೆಗೆ ಸ್ಪ್ಯಾನರ್ ತೆಗೆದುಕೊಂಡು ಹೋಗಬೇಡ, ದಮ್ಮಯ್ಯ.

ಸರಿಯಾಗಿ ಓದಿಕೋ. ಹುಳಿ ಇರುವ ಸೇಬೇ ಬೇಕು, ಬರೀ ಸಿಹಿ ಸೇಬು ಬೆಂದರೆ ಸಪ್ಪೆ. ಸಿಪ್ಪೆ ತೆಗೆದು ದಪ್ಪ ಹೋಳು ಮಾಡು. ಸಕ್ಕರೆ, ಒಂದು ಚಿಟಿಕೆ ಚಕ್ಕೆ ಪುಡಿ, ನಿಂಬೆರಸ ಹಾಕಿ ಕಲಸಿ, ಗಾಜಿನ ಪಾತ್ರೆಯ ತಳಕ್ಕೆ ಹರಡು. ಮೇಲಿನ ಪುಡಿಯೇ ಮುಖ್ಯ. ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಿರಬೇಕು. ಚಿಕ್ಕ ಚೂರು ಮಾಡಿ ಮೈದಾದೊಳಗೆ ಹಾಕಿ ಬೆರಳ ತುದಿಯಿಂದ ಉಜ್ಜು. ಅಂಗೈ ತಾಗಿಸಬೇಡ. ಅಂಗೈ ಬಿಸಿ, ಬೆಣ್ಣೆ ಕರಗಿ ಎಲ್ಲಾ ಮುದ್ದೆಯಾಗುತ್ತದೆ. ಹಿಟ್ಟು ರವೆಯ ಹಾಗೆ ಉದುರುದುರಾಗಬೇಕು, ನಡುನಡುವೆ ಕಡಲೆಕಾಳಿನಷ್ಟು ಗಂಟು ಉಳಿಯಬೇಕು. ಆ ಗಂಟುಗಳೇ ಆಮೇಲೆ ಗರಿಗರಿಯಾಗುವುದು. ಇದಕ್ಕೂ ಸಕ್ಕರೆ ಬೆರೆಸಿ ಸೇಬಿನ ಮೇಲೆ ಉದುರಿಸು. ಒತ್ತಬೇಡ! ನಿನಗೆ ಏನು ಸಿಕ್ಕರೂ ಒತ್ತಿ ಬಿಗಿ ಮಾಡುವ ಚಟ. ಮೊದಲೇ ಬಿಸಿ ಮಾಡಿಟ್ಟ ಓವನ್ನಿಗೆ ಇಡು. ಮೇಲೆ ಕೆಂಪಗಾಗಿ, ಅಂಚಿನಲ್ಲಿ ರಸ ಗುಳುಗುಳು ಅಂತ ಉಕ್ಕಿ ಬಂದರೆ ಆಯಿತು.

ಮಾಡಿದ ಮೇಲೆ ನನಗೆ ಬರಿ. ಎಲ್ಲಾ ಬರಿ. ವಾಸನೆ ಯಾವಾಗ ಶುರುವಾಯಿತು, ಬಣ್ಣ ಹೇಗೆ ಬಂತು, ಚಮಚ ಹಾಕಿದಾಗ ಸದ್ದು ಬಂತಾ, ಬಾಯಲ್ಲಿಟ್ಟಾಗ ಹೇಗಿತ್ತು, ಅತ್ತೆ ಎಷ್ಟು ತಿಂದಳು. ಒಂದನ್ನೂ ಬಿಡಬೇಡ. ಇಲ್ಲಿ ಹೊತ್ತೇ ಹೋಗುವುದಿಲ್ಲ. ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಜಾಗ. ನನ್ನ ರೂಮಿನ ಹುಡುಗಿ ಪಿಟೀಲು ನುಡಿಸುತ್ತಿದ್ದಳಂತೆ, ಈಗ ತೋಳಿನಲ್ಲಿ ಎತ್ತಿ ಹಿಡಿಯಲು ಶಕ್ತಿ ಇಲ್ಲ. ಅವಳನ್ನು ಪಿಟೀಲು ಅಂತಲೇ ಕರೆಯುತ್ತೇನೆ.

ನಾನು ಚೆನ್ನಾಗಿ ತಿನ್ನುತ್ತಿದ್ದೇನೆ. ಅದನ್ನು ಕೇಳಿ ಕೇಳಿ ಬರೆಯಬೇಡ. ಮತ್ತೆ ಸಿಸ್ಟರ್ ಫೋನು ಮಾಡಿದಾಗ ಈ ಕ್ರಂಬಲ್ ವಿಷಯ ಎತ್ತಬೇಡ. ಇದು ನಮ್ಮ ಮನೆಯದು.

ನಿನ್ನ ಮರಿ


ಜೂನ್ 24

ಮರಿ,

ನಿನ್ನ ಕಾಗದ ಓದಿ ಎಷ್ಟು ಖುಷಿಯಾಯಿತೆಂದರೆ, ಅದನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋದೆ. ನೀನು ಬೈದಿದ್ದೀಯ! ಬೈಯುವ ಶಕ್ತಿ ಬಂದಿದೆ ಎಂದು ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಇಳಿದು ಕೂತು ಒಬ್ಬನೇ ನಕ್ಕೆ.

ಈಗ ಕ್ರಂಬಲ್ ಸಮಾಚಾರ. ಅಂಗೈ ತಾಗಿಸಬೇಡ ಅಂದಿದ್ದೆಯಲ್ಲ, ತಾಗಿತು. ಬೆರಳ ತುದಿಯಲ್ಲಿ ಕೆಲಸ ಮಾಡಿ ನನಗೆ ಅಭ್ಯಾಸವೆಲ್ಲಿದೆ? ಬೆಣ್ಣೆ ಕರಗಿ ಹಿಟ್ಟು ಜಿಗುಟು ಮುದ್ದೆಯಾಯಿತು. ಅದನ್ನೇ ತಟ್ಟಿ ಸೇಬಿನ ಮೇಲೆ ಮುಚ್ಚಿದೆ. ಒತ್ತಿದೆ ಕೂಡ, ಸುಳ್ಳು ಹೇಳುವುದಿಲ್ಲ. ಬೆಂದು ಹೊರಗೆ ಬಂದದ್ದು ಒಳ್ಳೆಯ ಕಾಂಕ್ರೀಟು. ಚಮಚ ಬಗ್ಗಿತು.

ಅತ್ತೆ ಮೇಲೆ ಬಂದು ನೋಡಿದಳು. ಬೆರಳಲ್ಲಿ ತಟ್ಟಿದಳು. "ಬಿಸಾಕ್ಬೇಡ ಕಣೋ. ನಿನ್ನ ಲಿಫ್ಟಿಗೆ ಬ್ಯಾಲೆನ್ಸ್ ತೂಕ ಅಂತ ಇಡ್ತಾರಲ್ಲ, ಅಲ್ಲಿಡು. ಹತ್ತು ವರ್ಷ ಅಲುಗಾಡಲ್ಲ" ಅಂದಳು.

ಆದರೂ ಒಂದು ಮೂಲೆ ಒಡೆದು ತಿಂದೆವು. ಅಡಿಯಲ್ಲಿ ಸೇಬು ಮಾತ್ರ ಚೆನ್ನಾಗಿತ್ತು. ನೀನು ಕೇಳಿದ ವಾಸನೆ ಬಂತು, ನಿಜ. ಚಕ್ಕೆಯ ಘಮ ಮೆಟ್ಟಿಲವರೆಗೂ ಹೋಗಿತ್ತು ಅಂತ ಅತ್ತೆ ಹೇಳಿದಳು. ಆ ಘಮಕ್ಕೆ ಒಂದು ಕ್ಷಣ ನೀನು ಅಡುಗೆಮನೆಯಲ್ಲಿ ನಿಂತ ಹಾಗೇ ಅನ್ನಿಸಿ ಹಿಂದಕ್ಕೆ ತಿರುಗಿ ನೋಡಿಬಿಟ್ಟೆ.

ಮುಂದಿನ ಭಾನುವಾರ ಮತ್ತೆ ಮಾಡುತ್ತೇನೆ. ಪಿಟೀಲಿಗೆ ನನ್ನ ನಮಸ್ಕಾರ ಹೇಳು.

ಅಪ್ಪ


ಜೂನ್ 30

ಅಪ್ಪಾ,

'ಚೆನ್ನಾಗಿತ್ತು' ಅಂತ ಬರೆದಿದ್ದೀಯ. ಚೆನ್ನಾಗಿತ್ತು ಅಂದರೆ ಏನು? ಸೇಬು ಮೆತ್ತಗೆ ಕರಗಿತ್ತಾ, ಹೋಳಿನ ಆಕಾರ ಇತ್ತಾ? ರಸ ತೆಳುವೋ ಗಟ್ಟಿಯೋ? ನಾಲಿಗೆಗೆ ಮೊದಲು ಹುಳಿ ಬಂತಾ, ಸಿಹಿ ಬಂತಾ? ಅತ್ತೆ ಇನ್ನೊಂದು ಸಲ ಬಡಿಸಿಕೊಂಡಳಾ? ಬಡಿಸಿಕೊಳ್ಳುವಾಗ ಏನು ಹೇಳಿದಳು?

ಸರಿಯಾಗಿ ಬರಿ. ನಿನ್ನ ಕಾಗದ ಬಂದ ದಿನ ನನಗೆ ಹಬ್ಬ. ಬೆಳಿಗ್ಗೆ ಒಂದಿಷ್ಟು ಓದುತ್ತೇನೆ, ಮಧ್ಯಾಹ್ನಕ್ಕೆ ಒಂದಿಷ್ಟು ಉಳಿಸಿಕೊಳ್ಳುತ್ತೇನೆ. ಚಿಕ್ಕದಾಗಿ ಬರೆದರೆ ಬೇಗ ಮುಗಿದುಹೋಗುತ್ತದೆ.

ಹಿಟ್ಟು ಉಜ್ಜುವ ಮೊದಲು ಕೈಯನ್ನು ತಣ್ಣೀರಲ್ಲಿ ಅದ್ದಿ ಚೆನ್ನಾಗಿ ಒರೆಸಿಕೋ. ಆಗ ಕರಗುವುದಿಲ್ಲ.

ಮರಿ


ಜುಲೈ 14

ಮರಿ,

ಬಂತು! ಈ ಸಲ ನಿನ್ನದೇ ಕ್ರಂಬಲ್ ಬಂತು!

ನೀನು ಹೇಳಿದ ಹಾಗೆ ಒಂದನ್ನೂ ಬಿಡದೆ ಬರೆಯುತ್ತೇನೆ. ಕೈ ತಣ್ಣಗಿದ್ದದ್ದಕ್ಕೆ ಹಿಟ್ಟು ಬೆರಳ ಸಂದಿಯಿಂದ ಒಣ ಮರಳಿನ ಹಾಗೆ ಜಾರಿತು. ಓವನ್ನಿಗಿಟ್ಟ ಸ್ವಲ್ಪ ಹೊತ್ತಿಗೆ ಮೊದಲು ಬೆಣ್ಣೆಯ ವಾಸನೆ, ಅದರ ಬೆನ್ನಿಗೆ ಚಕ್ಕೆ. ಗಾಜಿನ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ಮೇಲಿನ ಪುಡಿ ಬಿಳಿಯಿಂದ ಹುಲ್ಲಿನ ಬಣ್ಣಕ್ಕೆ, ಅಲ್ಲಿಂದ ಹೊಸ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಂಚಿನಲ್ಲಿ ರಸ ಉಕ್ಕಿ ಗಾಜಿಗೆ ಅಂಟಿ ಕಂದಿತು. ಅತ್ತೆ ಅದನ್ನೇ ಕೆರೆದು ಕೆರೆದು ತಿಂದಳು, "ಇದಕ್ಕೇ ಕಣೋ ನಾನು ಬದುಕಿರೋದು" ಅನ್ನುತ್ತಾ. ಚಮಚ ಹಾಕಿದರೆ ಕರಕ್ ಅಂತು. ಬಾಯಲ್ಲಿ ಮೊದಲು ಗರಿಗರಿ, ಆಮೇಲೆ ಬಿಸಿ, ಆಮೇಲೆ ಸೇಬಿನ ಹುಳಿ ದವಡೆಯ ಮೂಲೆಗೆ ಚುಳುಕ್ ಅಂತ ಹೋಗಿ, ಕೊನೆಗೆ ಸಿಹಿ ನಿಂತಿತು. ಮಾರನೇ ದಿನ ವರ್ಕ್‌ಶಾಪಿಗೂ ಒಯ್ದೆ. ಡಬ್ಬಿ ನೆಕ್ಕಿ ಕೊಟ್ಟರು. ಮಗಳು ಬಂದಳಾ ಎಂದು ಕೇಳಿದರು.

ಒಂದು ಮಾತು, ಮರಿ. ತಿನ್ನುತ್ತಾ ತಿನ್ನುತ್ತಾ ಅತ್ತೆ ಚಮಚ ಕೆಳಗಿಟ್ಟು ಕೇಳಿದಳು, "ಅಲ್ಲಾ, ಇಷ್ಟು ವರ್ಷ ಮಾಡಿ ಹಾಕಿದ್ಲಲ್ಲ, ಅವಳು ಒಂದು ದಿನ ತಿಂದಿದ್ದು ನೀನು ನೋಡಿದ್ದೀಯಾ?"

ನೋಡಿದ್ದೇನೆ ಎಂದೆ. ಹೇಳಿದ ಮೇಲೆ ನೆನಪು ಮಾಡಿಕೊಳ್ಳಲು ಕೂತೆ. ನೀನು ಬಡಿಸುವುದು ನೆನಪಾಗುತ್ತದೆ. ಓವನ್ನಿಗೆ ಒರಗಿ, ಕೈ ಕಟ್ಟಿಕೊಂಡು, ನಾನು ತಿನ್ನುವುದನ್ನೇ ನೋಡುತ್ತಾ ನಗುವುದು ನೆನಪಾಗುತ್ತದೆ. "ನಾನು ಆಗಲೇ ತಿಂದೆ" ಅಂತ ನೀನು ಅನ್ನುತ್ತಿದ್ದೆ. ನಿನ್ನ ಬಟ್ಟಲು ಎಷ್ಟು ಹುಡುಕಿದರೂ ನೆನಪಿಗೆ ಬರುತ್ತಿಲ್ಲ.

ನೀನು ತಿನ್ನುತ್ತಿದ್ದೆ ಅಲ್ಲವಾ? ನನಗೇ ಮರೆತಿರಬೇಕು. ಒಂದು ಸಾಲು ಬರೆದುಬಿಡು.

ಅಪ್ಪ


ಜುಲೈ 21

ಅಪ್ಪಾ,

ಕಾಗದ ತಲುಪಿತು. ತುಂಬಾ ಚೆನ್ನಾಗಿ ಬರೆದಿದ್ದೀಯ. ಮುಂದಿನ ಸಲ ಒಂದೆರಡು ಮರಸೇಬು ಸೇರಿಸು, ಅದರ ರಸ ಬೇರೆ ಥರ. ಮಾಡಿ ಬೇಗ ಬರಿ.

ಅಕ್ಷರ ವಕ್ರವಾಗಿದೆ, ಕೈಗೆ ಚಳಿ.

ಮರಿ


ಜುಲೈ 28

ಮಾನ್ಯರೇ,

ನಾನು ನಿಮ್ಮ ಮಗಳ ವಾರ್ಡಿನ ಸಿಸ್ಟರ್. ಫೋನಿನಲ್ಲಿ ಮಾತಾಡಿದಾಗ ನೀವು ಗಾಬರಿಯಲ್ಲಿದ್ದಿರಿ, ನಾನು ಹೇಳಿದ್ದು ಅರ್ಧವೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳನ್ನು ಮಂಗಳವಾರ ಹೃದಯದ ಕೋಣೆಗೆ ಬದಲಾಯಿಸಿದ್ದೇವೆ. ಎದೆಗೆ ವೈರು ಹಾಕಿದ್ದೇವೆ, ಯಾರಾದರೊಬ್ಬರು ಸದಾ ಪಕ್ಕದಲ್ಲಿರುತ್ತಾರೆ. ಅಪಾಯ ಇದೆ. ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಇದು ಹೇಗಾಯಿತು ಎಂದು ನಮಗೂ ತಿಳಿಯುತ್ತಿರಲಿಲ್ಲ. ತಟ್ಟೆ ಖಾಲಿಯಾಗುತ್ತಿತ್ತು, ಅವಳು ಮಾತ್ರ ತೂಕದಲ್ಲಿ ಇಳಿಯುತ್ತಲೇ ಇದ್ದಳು. ಕೊನೆಗೆ ರೂಮಿನ ಇನ್ನೊಂದು ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದು, "ಸಿಸ್ಟರ್, ಅವಳು ಕಾಗದ ತಿಂತಾಳೆ" ಎಂದಳು. ನಾನು ನಿಜಕ್ಕೂ ಕಾಗದವನ್ನೇ ನುಂಗುತ್ತಿದ್ದಾಳೆ ಎಂದುಕೊಂಡು ಓಡಿದೆ. ಅದಲ್ಲ. ಊಟದ ಹೊತ್ತಿಗೆ ನಿಮ್ಮ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲಾಗಿ, ತುಟಿ ಆಡಿಸುತ್ತಾ ಓದುತ್ತಾಳೆ. ಓದಿ ಮುಗಿದರೆ ಅವಳ ಊಟ ಮುಗಿದ ಹಾಗೆ. ತಟ್ಟೆಯಲ್ಲಿದ್ದದ್ದು ಯಾರಿಗೂ ಕಾಣದಂತೆ ಬಟ್ಟೆಯೊಳಗೆ ಸೇರುತ್ತಿತ್ತು. ಮಡಿಸಿ ಮಡಿಸಿ ಕಾಗದಗಳು ಮಡಿಕೆಯಲ್ಲೇ ಹರಿದಿದ್ದವು. ಅವನ್ನು ಓದಿದೆ, ಕ್ಷಮಿಸಿ.

ನೀವು ಪ್ರೀತಿಯಿಂದ ಬರೆದಿದ್ದೀರಿ. ಊಟವೆಂದರೆ ಹೆದರುವ ಅವಳ ಕಾಯಿಲೆ ಅದನ್ನು ತನಗೆ ಬೇಕಾದ ಹಾಗೆ ಬಳಸಿಕೊಂಡಿತು. ಇದರಲ್ಲಿ ನಿಮ್ಮ ತಪ್ಪು ಹುಡುಕುತ್ತಾ ಕೂರಬೇಡಿ, ಅದಕ್ಕೆ ಈಗ ಸಮಯವಿಲ್ಲ. ತಿಂಡಿ, ರುಚಿ, ವಾಸನೆ ಯಾವುದನ್ನೂ ಇನ್ನು ಬರೆಯಬೇಡಿ. ಶನಿವಾರ ಬಂದು ನೋಡಿ ಹೋಗಿ. ಮಾತಾಡುವ ಸ್ಥಿತಿಯಲ್ಲಿ ಇರಲಿಕ್ಕಿಲ್ಲ, ಆದರೂ ಬನ್ನಿ.

ವಾರ್ಡಿನ ಸಿಸ್ಟರ್


ಆಗಸ್ಟ್ 8

ಲೇ ಹುಡುಗಿ,

ನಾನು ನಿನ್ನ ಅತ್ತೆ. ನನಗೆ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುವುದು ಗೊತ್ತು, ಕಾಗದ ಬರೆಯುವುದು ಗೊತ್ತಿಲ್ಲ. ಕಣ್ಣು ಬಿಟ್ಟು ಕೂತಿದ್ದೀಯ, ಹೃದಯದ ಕೋಣೆಯಿಂದ ಹೊರಗೆ ಬಂದಿದ್ದೀಯ ಎಂದು ಸಿಸ್ಟರ್ ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪ ನಿನ್ನನ್ನು ನೋಡಲು ಬಂದಿದ್ದ. ನೀನು ನಿದ್ದೆಯಲ್ಲಿದ್ದೆ. ವೈರುಗಳನ್ನು ನೋಡುತ್ತಾ ಕುರ್ಚಿಯಲ್ಲಿ ಕೂತಿದ್ದು, ಬಂದು ನನ್ನ ಬಾಗಿಲಲ್ಲಿ ನಿಂತ. "ಅಕ್ಕಾ, ನಾನೇ ಬರೆದು ಬರೆದು ಕೊಲ್ತಿದ್ದೆ" ಅಂದ. ಅಷ್ಟೇ.

ಅವನು ತಿನ್ನುತ್ತಿಲ್ಲ. ನಿನಗೆ ಬುದ್ಧಿ ಕಲಿಸಲು ಹಠ ಮಾಡುತ್ತಿದ್ದಾನೆ ಎಂದುಕೊಳ್ಳಬೇಡ, ಆ ಪೆದ್ದನಿಗೆ ಅಂಥ ಉಪಾಯವೆಲ್ಲ ಹೊಳೆಯುವುದಿಲ್ಲ. ತುತ್ತು ಬಾಯಿಗಿಟ್ಟರೆ ಗಂಟಲಲ್ಲಿ ನಿಲ್ಲುತ್ತದಂತೆ. ನಾನು ಮಾಡಿ ತಂದಿಟ್ಟದ್ದು ಇಟ್ಟಲ್ಲೇ ಇರುತ್ತದೆ. ಕೇಳಿದರೆ "ತಿಂದೆ" ಅನ್ನುತ್ತಾನೆ. ಪ್ಯಾಂಟು ಸೊಂಟದಲ್ಲಿ ಸಡಿಲವಾಗಿದೆ ಎಂದು ಹಿಡಿದು ಹೊಲಿಯಲು ಕೊಟ್ಟ. ಅವನ ಜೊತೆ ಕೆಲಸ ಮಾಡುವವನು ಬಂದು ಹೇಳಿದ: ಲಿಫ್ಟಿನ ಗುಂಡಿಯ ಬಾಗಿಲು ತೆಗೆದು, ಕಾಲು ಒಳಗಿಡಲಾಗದೆ, ಹಾಗೇ ನಿಂತುಬಿಟ್ಟಿದ್ದನಂತೆ. ಇಷ್ಟು ವರ್ಷ ಹಗ್ಗದಲ್ಲಿ ನೇತಾಡಿದವನು.

ನಿಮ್ಮಮ್ಮ ಹೋದಾಗ ನಿನಗೆ ನಡೆಯಲೂ ಬರುತ್ತಿರಲಿಲ್ಲ. ಆಗಲೂ ಇವನು ಹೀಗೆ ಆಗಿರಲಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಕಣೇ. ಯಾರಿಗೆ ಹೇಳಲಿ ಎಂದು ಯೋಚಿಸಿದೆ. ತಿನ್ನದಿರುವುದು ಅಂದರೆ ಏನು ಅಂತ ನಿನಗಿಂತ ಚೆನ್ನಾಗಿ ಗೊತ್ತಿರುವವರು ನಮ್ಮ ಮನೆಯಲ್ಲಿ ಯಾರಿದ್ದಾರೆ?

ಅತ್ತೆ


ಆಗಸ್ಟ್ 13

ಅಪ್ಪಾ,

ಅತ್ತೆ ಬರೆದಿದ್ದಾಳೆ. ನೀನು ತಿನ್ನು.

ಇದಕ್ಕೆ ಮೊದಲು ಬೇರೆ ಕಾಗದ ಬರೆದಿಟ್ಟಿದ್ದೆ, ಪೂರಾ ಬೈಗುಳ. ನನ್ನ ಕಾಗದಗಳನ್ನೆಲ್ಲ ಸಿಸ್ಟರ್ ತೆಗೆದುಕೊಂಡು ಹೋದರು, ನೀನೂ ಬರೆಯುವುದು ನಿಲ್ಲಿಸಿದೆ. ಎಲ್ಲರೂ ಸೇರಿಕೊಂಡು ನನ್ನ ವಿರುದ್ಧ ನಿಂತಿದ್ದೀರಿ ಎಂದು ಸಿಟ್ಟಿತ್ತು. ಅತ್ತೆಯ ಕಾಗದ ಬಂದ ಮೇಲೆ ಆ ಸಿಟ್ಟು ಎಲ್ಲಿ ಹೋಯಿತೋ. ನೀನು ತಟ್ಟೆಯ ಮುಂದೆ ಕೂತು 'ತಿಂದೆ' ಅನ್ನುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಆ ಮಾತು ನನ್ನದು. ಅದರ ಒಳಗೆ ಏನಿರುತ್ತದೆ ಅಂತ ನನಗೆ ಗೊತ್ತು. ಹಾಳಾದ ವೈರು ಎದೆಗೆ ಹಾಕಿದಾಗ ಆಗದ ಹೆದರಿಕೆ ಈಗ ಆಯಿತು.

ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ. ಇಲ್ಲ ಅಪ್ಪ, ನಾನು ಒಂದು ದಿನವೂ ತಿಂದಿಲ್ಲ. ನೀವಿಬ್ಬರೂ ತಿನ್ನುವುದನ್ನು ನೋಡುತ್ತಾ ನಿಂತಾಗ ನನ್ನ ಹೊಟ್ಟೆಯೇ ತುಂಬಿದ ಹಾಗೆ, ಏನೋ ಗೆದ್ದ ಹಾಗೆ ಅನ್ನಿಸುತ್ತಿತ್ತು. ನಿನಗೆ ಅದು ಸೇಬು, ಬೆಣ್ಣೆ, ಸಕ್ಕರೆ. ನನಗೆ ಅದು ಕತ್ತಲಲ್ಲಿ ಬಾಗಿಲ ಹಿಂದೆ ಯಾರೋ ನಿಂತ ಹಾಗೆ. ಒಂದು ಚಮಚ ಒಳಗೆ ಹೋದರೆ ಅವನು ಒಳಗೆ ಬಂದುಬಿಡುತ್ತಾನೆ, ಆಮೇಲೆ ನಾನು ನಾನಾಗಿ ಉಳಿಯುವುದಿಲ್ಲ. ಇದನ್ನು ಹೇಳಿದರೆ ನಗುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ. ಸಿಸ್ಟರ್ ನಗಲಿಲ್ಲ.

ಇಲ್ಲಿ ಎಲ್ಲರೂ ತಮಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವ ತಿಂಡಿಯ ಹೆಸರು ಹೇಳಬೇಕು. ನಾವು ಸ್ವಲ್ಪ ಗಟ್ಟಿಯಾದ ಮೇಲೆ ಒಂದು ದಿನ ಮನೆಯವರು ಬಂದು ಅದನ್ನು ಇಲ್ಲಿನ ಅಡುಗೆಮನೆಯಲ್ಲಿ ಮಾಡಿ, ಜೊತೆಗೆ ಕೂತು ತಿನ್ನುತ್ತಾರೆ. ನಾನು ಏನು ಹೇಳಿದೆ ಎಂದು ನಿನಗೆ ಗೊತ್ತಾಗಿರಬೇಕು.

ಈಗ ಎದ್ದು ಕೆಳಗೆ ಹೋಗಿ ಅತ್ತೆಯ ಕೈಯಲ್ಲಿ ಬಡಿಸಿಕೊಂಡು ತಿನ್ನು. ತಿಂದೆ ಅಂತ ನೀನು ಹೇಳಿದರೆ ನಂಬುವುದಿಲ್ಲ. ಅತ್ತೆ ಹೇಳಬೇಕು.

ಮರಿ


ಆಗಸ್ಟ್ 20

ಮರಿ,

ಕೆಳಗೆ ಅತ್ತೆಯ ರುಜು ಇದೆ ನೋಡು. ಸಾಕ್ಷಿ ಹಾಕಿದ್ದಾಳೆ. ಮೊದಲ ದಿನ ನಾನು ಒಂದು ಬ್ರೆಡ್ಡಿನ ತುಂಡು ಮುಗಿಸುವಷ್ಟರಲ್ಲಿ ಅವಳು ಒಂದು ಕುಪ್ಪಸದ ತೋಳು ಹೊಲಿದು ಮುಗಿಸಿದಳು. ಈಗ ಪರವಾಗಿಲ್ಲ.

ನಾನು ಅಲ್ಲಿಗೆ ಬಂದ ದಿನ ನಿನ್ನ ತಲೆಯ ಹತ್ತಿರದ ಪರದೆಯಲ್ಲಿ ಹಸಿರು ಗೆರೆ ಒಂದು ಏಳುತ್ತಿತ್ತು, ಬೀಳುತ್ತಿತ್ತು. ಒಂದು ಸಲ ಎದ್ದದ್ದು ಮತ್ತೆ ಏಳುವವರೆಗೂ ನಾನು ಉಸಿರು ಬಿಡುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಆ ಗೆರೆ ಕಣ್ಣೆದುರಿಂದ ಹೋಗಲಿಲ್ಲ. ಅದಕ್ಕೇ ಗಂಟಲು ಮುಚ್ಚಿಕೊಂಡಿತೋ ಏನೋ. ನಿನ್ನ ಹೆದರಿಕೆ ಎಂಥದ್ದು ಅಂತ ಅರ್ಥವಾಯಿತು ಎನ್ನುವುದಿಲ್ಲ. ಅದು ಸುಳ್ಳಾದೀತು. ಆದರೆ ನಗುವಂಥದ್ದಲ್ಲ ಅಂತ ಗೊತ್ತಾಯಿತು.

ಹೋದ ಭಾನುವಾರ ಅಭ್ಯಾಸ ತಪ್ಪಬಾರದು ಎಂದು ಕ್ರಂಬಲ್ ಮಾಡಿದೆ. ಹೇಗಿತ್ತು ಎಂದು ಬರೆಯುವುದಿಲ್ಲ. ನೀನು ಕೇಳಿದರೂ ಬರೆಯುವುದಿಲ್ಲ, ಅತ್ತರೂ ಬರೆಯುವುದಿಲ್ಲ. ಇದನ್ನು ಬರೆಯಲು ಎಷ್ಟು ಕಷ್ಟವಾಗುತ್ತಿದೆ ನೋಡು, ನಿನಗೆ ಖುಷಿ ಕೊಡುತ್ತಿದ್ದದ್ದು ನನ್ನ ಹತ್ತಿರ ಇದೊಂದೇ ಇತ್ತು.

ಸೆಪ್ಟೆಂಬರ್‌ನಲ್ಲಿ ಬನ್ನಿ ಎಂದು ಸಿಸ್ಟರ್ ಹೇಳಿದ್ದಾರೆ. ಬರುತ್ತೇನೆ. ನೀನು ತಿನ್ನದಿದ್ದರೆ ಏನು ಮಾಡಬೇಕು ಎಂದು ಕೇಳಿದೆ. "ಜೊತೆಗೆ ಕೂತಿರಿ, ಅಷ್ಟೇ" ಎಂದರು. ಲಿಫ್ಟಿನ ಗುಂಡಿಗೆ ಮತ್ತೆ ಇಳಿದಿದ್ದೇನೆ. ಇದಕ್ಕೆ ಹೇಗೆ ಇಳಿಯಬೇಕೋ ಗೊತ್ತಿಲ್ಲ.

ಅಪ್ಪ

(ತಿಂದ. ನಾನೇ ನೋಡಿದೆ. ಅತ್ತೆ)


ಸೆಪ್ಟೆಂಬರ್ 3

ಅಪ್ಪಾ, ಬರಬೇಡ. ನನ್ನಿಂದ ಆಗುವುದಿಲ್ಲ.

ಮರಿ


ಸೆಪ್ಟೆಂಬರ್ 4

ಅಪ್ಪಾ, ನಿನ್ನೆಯ ಕಾಗದ ಆಗಲೇ ಪೋಸ್ಟಿಗೆ ಹೋಗಿಬಿಟ್ಟಿದೆಯಂತೆ. ಅದನ್ನು ಓದಬೇಡ. ಬಾ.

ಮರಿ


ಸೆಪ್ಟೆಂಬರ್ 15

ಅತ್ತೆ,

ನಿನ್ನ ಮಂಡಿ ನೋವು ಇಲ್ಲದಿದ್ದರೆ ನೀನೂ ಬರುತ್ತಿದ್ದೆ ಎಂದು ಅಪ್ಪ ಹೇಳಿದ. ಅವನು ಮನೆಗೆ ಬಂದು ಏನು ಹೇಳಿದನೋ, ಅರ್ಧ ನುಂಗಿರುತ್ತಾನೆ. ಪೂರಾ ನಾನು ಹೇಳುತ್ತೇನೆ.

ಇಲ್ಲಿನ ಅಡುಗೆಮನೆ ಚಿಕ್ಕದು. ಒಂದು ಸ್ಟೀಲಿನ ಮೇಜು, ಒಂದು ಓವನ್, ಕಿಟಕಿಯಾಚೆ ಒಣಗಲು ಹಾಕಿದ ಆಸ್ಪತ್ರೆಯ ಹಾಸಿಗೆ ಬಟ್ಟೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಮದುವೆಗೆ ಬಂದವನ ಹಾಗೆ. ಕೈ ತೊಳೆದದ್ದೇ ತೊಳೆದದ್ದು. ಹಿಟ್ಟು ತೂಗಲು ತಕ್ಕಡಿ ಎಲ್ಲಿ ಎಂದು ಕೇಳಿದೆ. ಸಿಸ್ಟರ್ ಅದನ್ನು ಮೊದಲೇ ಎತ್ತಿಟ್ಟಿದ್ದರು. "ಅಂದಾಜಿಗೆ ಹಾಕು ಮಗು" ಅಂದರು. ನನಗೆ ಅಲ್ಲೇ ಬೆವರು ಬಂತು.

ಅಪ್ಪ ಬೆರಳ ತುದಿಯಲ್ಲೇ ಉಜ್ಜಿದ, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು. ಸಿಸ್ಟರ್ ನನಗೂ ಕೈ ಹಾಕು ಎಂದರು. ಹಾಕಿದೆ. ಬೆಣ್ಣೆ ಬೆರಳಿಗೆ ಅಂಟಿತು. ಅದು ಚರ್ಮದಿಂದಲೇ ಒಳಗೆ ಹೋಗುತ್ತದೆ ಅನ್ನಿಸಿ ನಲ್ಲಿಯ ಹತ್ತಿರ ಓಡಿದೆ. ಸಿಸ್ಟರ್ ನಲ್ಲಿಗೆ ಅಡ್ಡ ನಿಂತಿದ್ದರು. "ಇರ್ಲಿ. ಸ್ವಲ್ಪ ಹೊತ್ತು ಹಾಗೇ ಇರ್ಲಿ" ಅಂದರು. ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತೆ, ಬೇರೆ ಯಾರದ್ದೋ ಕೈ ಅನ್ನುವ ಹಾಗೆ. ಅಪ್ಪ ತನ್ನ ಕೈಯನ್ನೂ ತೊಳೆಯದೆ ಹಾಗೇ ಹಿಡಿದುಕೊಂಡು ನನ್ನ ಪಕ್ಕ ನಿಂತ.

ಬೇಯುವಾಗ ಓವನ್ನಿಗೆ ಬೆನ್ನು ಮಾಡಿ ಕೂತೆ. ವಾಸನೆಗೆ ಬೆನ್ನು ಮಾಡಲು ಆಗುವುದಿಲ್ಲವಲ್ಲ. ಆಮೇಲೆ ಮೂರು ಬಟ್ಟಲು ಬಂತು. ನನ್ನದರಲ್ಲಿ ಇದ್ದದ್ದು ಸ್ವಲ್ಪವೇ. ನನ್ನ ಕಾಲು ಮೇಜಿನ ಕೆಳಗೆ ತಟತಟ ಅಂತ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ತಟತಟವೂ ಕೇಳಿಸುತ್ತಿತ್ತು, ಅದು ಅಪ್ಪನದು.

ಸಿಸ್ಟರ್ ಮೊದಲು ತಿಂದರು. ಅವರ ಮುಖ ಒಂದು ಥರ ಆಯಿತು. ಅಪ್ಪ ಕಣ್ಣು ಮುಚ್ಚಿ ಒಂದು ದೊಡ್ಡ ಚಮಚ ಬಾಯಿಗಿಟ್ಟ. ಕಣ್ಣು ತೆರೆದ. "ಅಯ್ಯೋ" ಅಂದ. "ಮರಿ, ಸಕ್ಕರೆ ಹಾಕಿಲ್ಲ."

ಹೌದು ಅತ್ತೆ. ಸೇಬಿಗೂ ಇಲ್ಲ, ಪುಡಿಗೂ ಇಲ್ಲ. ಸಕ್ಕರೆ ಡಬ್ಬಿ ಮುಚ್ಚಳ ಕೂಡ ತೆಗೆಯದೆ ಮೇಜಿನ ಮೇಲೆ ಕೂತಿತ್ತು. ಮೂವರಲ್ಲಿ ಒಬ್ಬರೂ ನೋಡಿರಲಿಲ್ಲ, ಅಷ್ಟು ಹೆದರಿಕೊಂಡಿದ್ದೆವು. ಅಪ್ಪನ ಮುಖ ಬಿಳಿಚಿಕೊಂಡಿತು. "ಎಲ್ಲಾ ಹಾಳು ಮಾಡ್ಬಿಟ್ಟೆ. ಇದೊಂದು ದಿನ... ಇದೊಂದು ದಿನ ನೆಟ್ಟಗೆ ಮಾಡೋಕೆ ಬರಲಿಲ್ಲ ನನಗೆ" ಅಂದ. ಸಿಸ್ಟರ್‌ಗೆ ತಡೆಯಲಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೂ ನಗು ಬಂತು. ಎಷ್ಟು ದಿನವಾಗಿತ್ತೋ, ಪಕ್ಕೆಲುಬು ನೋಯಿತು.

ಸಿಹಿಯೇ ಇಲ್ಲದಿದ್ದರೆ ನನಗೆ ಸುಲಭ. ಅದೇ ಹುಳಿಯನ್ನು ಎರಡು ಚಮಚ ನುಂಗಿ ಗೆದ್ದೆ ಎನ್ನಬಹುದಿತ್ತು. ಯಾರೂ ಬೈಯುತ್ತಿರಲಿಲ್ಲ. ಆದರೆ ಅಪ್ಪ ಆ ಹುಳಿ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕೂತಿದ್ದ. ಎದ್ದೆ. ಡಬ್ಬಿ ತೆರೆದು ಅವನ ಬಟ್ಟಲಿಗೆ ಸಕ್ಕರೆ ಉದುರಿಸಿದೆ. ಸಿಸ್ಟರ್ ಬಟ್ಟಲಿಗೆ ಉದುರಿಸಿದೆ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ ಅತ್ತೆ, ಬೇರೆಯವರ ಬಟ್ಟಲಿಗೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆಮೇಲೆ ಚಮಚ ಹಿಡಿದು ನಿಂತೆ. ಸಿಸ್ಟರ್ ಕಿಟಕಿಯ ಕಡೆ ತಿರುಗಿದರು. ಅಪ್ಪ ಮೇಜನ್ನು ನೋಡುತ್ತಿದ್ದ. ಇಬ್ಬರೂ ಉಸಿರು ಬಿಡುತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಮುಚ್ಚಳ ಹಾಕಿಬಿಡು, ಹಾಕಿಬಿಡು ಎಂದು ಒಳಗೆ ಒಬ್ಬ ಕೂಗುತ್ತಿದ್ದ.

ನನ್ನದಕ್ಕೂ ಹಾಕಿದೆ. ಕೂತೆ. ತಿಂದೆ.

ಹೇಗಿತ್ತು ಎಂದು ಕೇಳಬೇಡ, ರುಚಿ ಗೊತ್ತಾಗಲಿಲ್ಲ. ಬಿಸಿ ಇತ್ತು. ಸಕ್ಕರೆ ಹಲ್ಲಿನ ಕೆಳಗೆ ಕರಕರ ಅಂತು. ಅತ್ತೆ, ಅಳುತ್ತಾ ಇನ್ನೊಂದು ಚಮಚ ತಿಂದೆ. ಉಳಿದದ್ದು ಆಗಲಿಲ್ಲ. ಹೆದರಿಕೆ ಹೋಗಲಿಲ್ಲ, ಬಾಗಿಲ ಹಿಂದೆ ಒಬ್ಬ ನಿಂತಿರುತ್ತಾನೆ ಅಂತ ಅಪ್ಪನಿಗೆ ಬರೆದಿದ್ದೆನಲ್ಲ, ಅವನು ಒಳಗೆ ಬಂದೇ ಬಂದ. ಆಮೇಲೆ ಅಪ್ಪನಿಗೆ ಬಾಯಿಗೆ ಬಂದ ಹಾಗೆ ಬೈದೆ, ಇನ್ನು ಮುಖ ತೋರಿಸಬೇಡ ಅಂದೆ. ಅವನು ತಲೆಯಾಡಿಸುತ್ತಾ ಬಟ್ಟಲು ತೊಳೆದು, ಒರೆಸಿ, ಬೋರಲು ಹಾಕಿದ. ಸಂಜೆಯವರೆಗೂ ಸಿಸ್ಟರ್ ನನ್ನ ಕೈ ಹಿಡಿದುಕೊಂಡು ತಮ್ಮ ಮನೆಯ ಸೋರುವ ಸೂರಿನ ಕತೆ ಹೇಳಿದರು. ಸಂಜೆಗೆ ನಾನು ಇನ್ನೂ ನಾನೇ ಇದ್ದೆ.

ಅಪ್ಪ ಹೋಗುವಾಗ ಬಾಗಿಲಲ್ಲಿ ನಿಂತು, "ಮುಂದಿನ ಭಾನುವಾರ ಬರ್ಲಾ?" ಅಂತ ಕೇಳಿದ. ಗೋಡೆಯ ಕಡೆ ತಿರುಗಿ ಮಲಗಿದೆ.

ಅವನಿಗೆ ಬರಲು ಹೇಳು. ಸಕ್ಕರೆ ನಾನೇ ಹಾಕುತ್ತೇನೆ ಅಂತ ಹೇಳು.

ನಿನ್ನ ಹುಡುಗಿ